ಸನ್ನೆ ಭಾಷೆ ದುಭಾಷಿಗಳು ತರಗತಿಗೆ ಹೋಗುವ ಮೊದಲು: ಒಂದು ತಯಾರಿ ಮಾರ್ಗದರ್ಶಿ

ಗಣಿತದ ತರಗತಿ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಹೇಳುತ್ತಿದ್ದಾರೆ: "ಇದನ್ನ ಆ ಕಡೆಗೆ ತಗೊಂಡು ಹೋದ್ರೆ ಇದರ ಚಿಹ್ನೆ ಬದಲಾಗುತ್ತೆ. ಆಮೇಲೆ ಅದರಿಂದ ಇದನ್ನ ಭಾಗಿಸಿ." ಇಷ್ಟು ಮಾತಿನಲ್ಲಿ ಒಂದು ಸಂಖ್ಯೆಯೂ ಇಲ್ಲ. ಆದರೂ ಕೇಳಿಸುವ ಮಕ್ಕಳಿಗೆ ಕಷ್ಟವಾಗಲಿಲ್ಲ. ಮಾತು ಕಿವಿಗೆ ಬೀಳುತ್ತಿತ್ತು, ಕಣ್ಣು ಬೋರ್ಡಿನ ಮೇಲಿತ್ತು, ಕೈ ಬರೆಯುತ್ತಿತ್ತು.

ನಾನು ಆಗ ಈ ಕೆಲಸಕ್ಕೆ ಹೊಸಬಳು. ಕೇಳಿದ್ದನ್ನು ಕೇಳಿದ ಹಾಗೇ ಸನ್ನೆಗೆ ತಂದೆ. ಇದು, ಅದು, ಆ ಕಡೆ, ಈ ಕಡೆ ಅಂತ ಗಾಳಿಯಲ್ಲಿ ತೋರಿಸಿದೆ. ಎದುರು ಕೂತಿದ್ದ ಕಿವುಡ ಹುಡುಗಿ ಒಮ್ಮೆ ನನ್ನ ಕೈ ನೋಡಿದಳು, ಒಮ್ಮೆ ಬೋರ್ಡು ನೋಡಿದಳು, ಮತ್ತೆ ನನ್ನ ಕಡೆ ತಿರುಗುವಷ್ಟರಲ್ಲಿ ಲೆಕ್ಕ ಎರಡು ಸಾಲು ಮುಂದೆ ಹೋಗಿತ್ತು. ಕೊನೆಗೆ ಸುಮ್ನೆ ತಲೆಯಾಡಿಸಿದಳು. ಅರ್ಥವಾಗದ ಮಕ್ಕಳು ತಲೆಯಾಡಿಸುವ ರೀತಿ ಈ ಕೆಲಸದಲ್ಲಿರುವವರಿಗೆ ಬೇಗ ಗುರುತು ಸಿಗುತ್ತದೆ.

ಆವತ್ತು ನನ್ನ ಕೈಯಲ್ಲಿ ಸನ್ನೆಗಳಿಗೇನೂ ಕೊರತೆ ಇರಲಿಲ್ಲ. ಹಿಂದಿನ ದಿನ ಪದಪಟ್ಟಿ ಮಾಡಿಕೊಂಡು ಅಭ್ಯಾಸವನ್ನೂ ಮಾಡಿದ್ದೆ. ಆದರೆ ಅವಳ ಕಣ್ಣು ಯಾವಾಗ ಎಲ್ಲಿರಬೇಕು ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಕಿವುಡ ವಿದ್ಯಾರ್ಥಿಗೆ ಕೇಳುವುದಕ್ಕೂ, ನೋಡುವುದಕ್ಕೂ, ಬರೆಯುವುದಕ್ಕೂ ಇರುವುದು ಅದೇ ಎರಡು ಕಣ್ಣು. ಈ ಬರಹದಲ್ಲಿ ಹೇಳುವ ಎಲ್ಲ ತಯಾರಿಯ ಹಿಂದೆ ಇರುವುದು ಆ ಒಂದೇ ಲೆಕ್ಕ.

ಮೊದಲು ಮಗುವಿನ ಜೊತೆ ಮಾತಾಡಿ

ಪುಸ್ತಕ ತೆರೆಯುವ ಮೊದಲು ವಿದ್ಯಾರ್ಥಿಯನ್ನು ಭೇಟಿಯಾಗಿ. ಹದಿನೈದು ನಿಮಿಷ ಸಾಕು. ಪಾಠದ ಮಾತು ಬೇಡ. ಯಾವ ಆಟ ಇಷ್ಟ, ಮನೆಯಲ್ಲಿ ಯಾರ್ಯಾರಿದ್ದಾರೆ, ಮೊದಲು ಎಲ್ಲಿ ಓದುತ್ತಿದ್ದೆ ಅಂತ ಹರಟೆ ಹೊಡೆಯಿರಿ. ಮಗು ಮಾತಾಡುತ್ತಿರುವಾಗ ನೀವು ಅದರ ಭಾಷೆಯನ್ನು ಗಮನಿಸುತ್ತಿರಬೇಕು. ಎಷ್ಟು ವೇಗ? ಸನ್ನೆಗಳು ದೊಡ್ಡದೋ ಚಿಕ್ಕದೋ? ನಿಮಗೆ ಗೊತ್ತಿಲ್ಲದ ಮನೆಯ ಸನ್ನೆಗಳು ಎಷ್ಟಿವೆ?

ಕಿವುಡ ತಂದೆ-ತಾಯಿ ಇರುವ ಮಗು ಹುಟ್ಟಿದಾಗಿನಿಂದ ಸನ್ನೆ ಭಾಷೆಯಲ್ಲೇ ಬೆಳೆದಿರಬಹುದು. ಆದರೆ ಹೆಚ್ಚಿನ ಕಿವುಡ ಮಕ್ಕಳು ಹುಟ್ಟುವುದು ಕೇಳಿಸುವವರ ಮನೆಯಲ್ಲಿ. ಅವರಲ್ಲಿ ಕೆಲವರು ಶಾಲೆಗೆ ಬಂದ ಮೇಲೆ ಭಾಷೆ ಕಲಿಯಲು ಶುರು ಮಾಡುತ್ತಾರೆ. ಅಂಥ ಮಗುವಿಗೆ ನಿಮ್ಮ ಅತ್ಯುತ್ತಮ ಸನ್ನೆ ಕೂಡ ಅರ್ಧ ಅಪರಿಚಿತ. ಶ್ರವಣ ಸಾಧನ ಅಥವಾ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಇರುವ ಮಕ್ಕಳು ಶಿಕ್ಷಕರ ತುಟಿಯನ್ನೂ ನಿಮ್ಮ ಕೈಯನ್ನೂ ಒಟ್ಟಿಗೆ ನೋಡಲು ಬಯಸಬಹುದು. ಕೆಲವು ಮಕ್ಕಳಿಗೆ ಪಕ್ಕದ ನೋಟ ಕಡಿಮೆ ಇರುತ್ತದೆ. ಅವರಿಗೆ ಮುಖ ಮತ್ತು ಎದೆಯ ಹತ್ತಿರದ ಸಣ್ಣ ಜಾಗದಲ್ಲೇ ಸನ್ನೆ ಮಾಡಬೇಕು, ತುಂಬಾ ಹತ್ತಿರವೂ ನಿಲ್ಲಬಾರದು. ಇದೆಲ್ಲ ಕೇಳದೆ ಗೊತ್ತಾಗುವುದಿಲ್ಲ.

ಸನ್ನೆ ಭಾಷೆ ಜಗತ್ತಿಗೆಲ್ಲ ಒಂದೇ ಅಂತ ಅಂದುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮಾತು ಇಂಗ್ಲಿಷೇ, ಆದರೆ ಅಲ್ಲಿನ ಸನ್ನೆ ಭಾಷೆಗಳು ಬೇರೆ ಬೇರೆ. ಬ್ರಿಟನ್ನಿನವರು ಎರಡು ಕೈಯಲ್ಲಿ ಅಕ್ಷರ ಬಿಡಿಸಿದರೆ ಅಮೆರಿಕದವರು ಒಂದೇ ಕೈಯಲ್ಲಿ ಬಿಡಿಸುತ್ತಾರೆ. ಬೇರೆ ಊರಿನಿಂದ, ಬೇರೆ ಶಾಲೆಯಿಂದ ಬಂದ ಮಗುವಿನ ಸನ್ನೆಯಲ್ಲೂ ವ್ಯತ್ಯಾಸ ಇರುತ್ತದೆ. ಅದನ್ನು ತಪ್ಪು ಅಂತ ತಿದ್ದಲು ಹೋಗಬೇಡಿ. ಬರೆದಿಟ್ಟುಕೊಳ್ಳಿ.

ಹೊರಡುವ ಮೊದಲು ಒಂದು ಮಾತು ಖಂಡಿತ ಹೇಳಿ: "ನನ್ನ ಸನ್ನೆ ಅರ್ಥವಾಗದಿದ್ದರೆ ನಿಲ್ಲಿಸು. ನನಗೆ ಬೇಜಾರಾಗಲ್ಲ." ಹೇಗೆ ನಿಲ್ಲಿಸಬೇಕು ಅಂತಲೂ ಇಬ್ಬರೂ ಒಂದು ಗುರುತು ಗೊತ್ತು ಮಾಡಿಕೊಳ್ಳಿ. ಇಡೀ ತರಗತಿಯ ಎದುರು ಕೈ ಎತ್ತಿ "ಅರ್ಥವಾಗಲಿಲ್ಲ" ಅನ್ನುವ ಧೈರ್ಯ ಎಲ್ಲ ಮಕ್ಕಳಿಗೂ ಇರುವುದಿಲ್ಲ.

ಶಿಕ್ಷಕರ ಹತ್ತಿರ ಏನು ಕೇಳಬೇಕು

ಪಠ್ಯಪುಸ್ತಕ, ವಾರದ ಪಾಠಯೋಜನೆ, ಸ್ಲೈಡ್‌ಗಳು, ತೋರಿಸಲಿರುವ ವಿಡಿಯೊ, ಹಾಳೆಯಲ್ಲಿ ಕೊಡುವ ಅಭ್ಯಾಸಗಳು. ಇವೆಲ್ಲ ಕನಿಷ್ಠ ಎರಡು ದಿನ ಮೊದಲು ಕೈಗೆ ಬರಬೇಕು. "ಎಲ್ಲಾ ಪುಸ್ತಕದಲ್ಲೇ ಇದೆ, ಹೊಸದೇನಿಲ್ಲ" ಅನ್ನುವ ಉತ್ತರ ನಿಮಗೂ ಬರುತ್ತದೆ. ಆಗ ಬಿಡಬೇಡಿ, ಈ ಪ್ರಶ್ನೆ ಕೇಳಿ: "ನಾಳೆ ಪಾಠ ಮುಗಿದಾಗ ಮಕ್ಕಳಿಗೆ ಯಾವ ಒಂದು ವಿಷಯ ಬಂದಿರಬೇಕು?"

ನನ್ನ ಮಟ್ಟಿಗೆ ಇಡೀ ತಯಾರಿಯಲ್ಲಿ ಇದಕ್ಕಿಂತ ಉಪಯೋಗದ ಪ್ರಶ್ನೆ ಇಲ್ಲ. ಪಾಠದ ಗುರಿ ಗೊತ್ತಿದ್ದರೆ, ಮಾತು ಓಡುವಾಗ ಯಾವುದನ್ನು ಬಿಡಬಾರದು, ಯಾವುದನ್ನು ಚುಟುಕು ಮಾಡಬಹುದು ಅಂತ ಆ ಕ್ಷಣದಲ್ಲಿ ತೀರ್ಮಾನ ಮಾಡಬಹುದು. ಒಂದು ಕಥೆ ಓದುತ್ತಿದ್ದಾರೆ ಅಂದುಕೊಳ್ಳಿ. ಗುರಿ ಕಥೆಯ ಅರ್ಥವಾಗಿದ್ದರೆ ನೀವು ಅರ್ಥವನ್ನು ತಲುಪಿಸಿದರೆ ಸಾಕು. ಗುರಿ ಪ್ರಾಸವೋ ಒಂದು ನಿರ್ದಿಷ್ಟ ಪದದ ಬಳಕೆಯೋ ಆಗಿದ್ದರೆ, ಮಗುವಿನ ಕಣ್ಣನ್ನು ಪುಸ್ತಕದ ಆ ಸಾಲಿಗೇ ಕರೆದೊಯ್ಯಬೇಕು. ಶಿಕ್ಷಕರ ಮಾತು ಎರಡೂ ದಿನ ಒಂದೇ ಥರ ಇದ್ದರೂ ನಿಮ್ಮ ಕೆಲಸ ಬೇರೆ.

ಅದೇ ಭೇಟಿಯಲ್ಲಿ ನಿಮ್ಮ ಕೆಲಸ ಏನು ಅಂತಲೂ ಹೇಳಿಬಿಡಿ. "ಅವಳಿಗೆ ಹೀಗೆ ಹೇಳಿ" ಅಂತ ನಿಮಗೆ ಹೇಳುವ ಬದಲು ಶಿಕ್ಷಕರು ನೇರವಾಗಿ ವಿದ್ಯಾರ್ಥಿಯನ್ನೇ ನೋಡಿ ಮಾತಾಡಲಿ. ಬೈಗುಳವನ್ನೂ ನೀವು ಸನ್ನೆಗೆ ತರುತ್ತೀರಿ, ಹಿಂದಿನ ಬೆಂಚಿನವರ ತಮಾಷೆಯನ್ನೂ ತರುತ್ತೀರಿ. ಉಳಿದ ಮಕ್ಕಳ ಕಿವಿಗೆ ಬಿದ್ದದ್ದೆಲ್ಲ ಅವಳಿಗೂ ಸಿಗಬೇಕು, ಅಲ್ವಾ? ಶಿಕ್ಷಕರು ಹೊರಗೆ ಹೋದಾಗ ತರಗತಿ ನೋಡಿಕೊಳ್ಳುವುದು, ಅಂಕ ಹಾಕುವುದು, ಶಿಸ್ತು ಕಲಿಸುವುದು ನಿಮ್ಮ ಕೆಲಸ ಅಲ್ಲ ಅನ್ನುವುದು ಮೊದಲ ದಿನವೇ ಸ್ಪಷ್ಟವಾಗಿರಲಿ. ಚಿಕ್ಕ ಮಕ್ಕಳ ತರಗತಿಯಲ್ಲಿ ಮಾತ್ರ ಈ ಗೆರೆ ಸ್ವಲ್ಪ ಸಡಿಲವಾಗಿರುತ್ತದೆ. ಐದು ವರ್ಷದ ಮಗುವಿಗೆ ದುಭಾಷಿ ಅಂದ್ರೆ ಯಾರು ಅನ್ನುವುದನ್ನೇ ಕಲಿಸಬೇಕಾಗುತ್ತದೆ. ಎಷ್ಟು ಸಡಿಲ ಅನ್ನುವುದನ್ನು ಶಿಕ್ಷಕರೂ ನೀವೂ ಕೂತು ಮಾತಾಡಿಕೊಳ್ಳಿ.

"ಸನ್ನೆ ಭಾಷೆಯಲ್ಲಿ ವಿಜ್ಞಾನವೆಲ್ಲ ಹೇಳೋಕಾಗುತ್ತಾ?" ಅಂತ ಶಿಕ್ಷಕರು ಕೇಳಿದರೆ ಬೇಸರಪಡಬೇಡಿ. 1960ರಲ್ಲಿ ವಿಲಿಯಂ ಸ್ಟೋಕಿ ಅನ್ನುವ ಸಂಶೋಧಕರು ಅಮೆರಿಕದ ಸನ್ನೆ ಭಾಷೆಯನ್ನು ಬಿಡಿಸಿ ತೋರಿಸುವವರೆಗೆ ಹೆಚ್ಚಿನ ಭಾಷಾಶಾಸ್ತ್ರಜ್ಞರೇ ಇದನ್ನು ಪೂರ್ಣ ಭಾಷೆ ಅಂತ ಗಂಭೀರವಾಗಿ ನೋಡಿರಲಿಲ್ಲ. ಕೈಯ ಆಕಾರ, ಅದು ಇರುವ ಜಾಗ, ಅದರ ಚಲನೆ, ಇವು ಸೇರಿ ಸನ್ನೆಯಾಗುತ್ತದೆ. ಒಂದು ಬದಲಾದರೆ ಅರ್ಥವೇ ಬದಲಾಗುತ್ತದೆ. ಹುಬ್ಬು, ಕಣ್ಣು, ಬಾಯಿ ವ್ಯಾಕರಣದ ಕೆಲಸ ಮಾಡುತ್ತವೆ. ಎರಡು ನಿಮಿಷದಲ್ಲಿ ಇಷ್ಟು ತೋರಿಸಿದರೆ ಹೆಚ್ಚಿನ ಶಿಕ್ಷಕರು ಆಮೇಲೆ ತಾವಾಗಿಯೇ ಪಾಠದ ಟಿಪ್ಪಣಿ ತಂದುಕೊಡುತ್ತಾರೆ.

ಐದು ಸೆಕೆಂಡಿನ ಒಪ್ಪಂದ

ಇದನ್ನು ಬೇರೆಯಾಗಿಯೇ ಹೇಳಬೇಕು.

ದುಭಾಷಿ ಯಾವಾಗಲೂ ಮಾತಿಗಿಂತ ಸ್ವಲ್ಪ ಹಿಂದೆ ಇರುತ್ತಾರೆ. ಇರಲೇಬೇಕು. ವಾಕ್ಯದ ಅರ್ಥ ಸಿಗುವ ಮೊದಲೇ ಕೈ ಆಡಿಸಿದರೆ ತಪ್ಪುಗಳು ಜಾಸ್ತಿ. 1986ರಲ್ಲಿ ಸಂಶೋಧಕ ಡೆನಿಸ್ ಕೋಕ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಿಗಿಂತ ಸುಮಾರು 2 ಸೆಕೆಂಡ್ ಹಿಂದೆ ಇದ್ದ ದುಭಾಷಿಗಳು 4 ಸೆಕೆಂಡ್ ಹಿಂದೆ ಇದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು ತಪ್ಪು ಮಾಡಿದ್ದರು. ಕನ್ನಡದಲ್ಲಂತೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. "ಬರುತ್ತಾರೆ" ಅಂತಲೋ "ಬರುವುದಿಲ್ಲ" ಅಂತಲೋ ಗೊತ್ತಾಗಲು ಕೊನೆಯ ಪದದವರೆಗೂ ಕಾಯಬೇಕು.

ಈ ನಾಲ್ಕು ಸೆಕೆಂಡಿನ ಬೆಲೆ ಕೊಡುವುದು ವಿದ್ಯಾರ್ಥಿ. ಶಿಕ್ಷಕರು ಪ್ರಶ್ನೆ ಕೇಳುತ್ತಾರೆ. ನನ್ನ ಸನ್ನೆ ಮುಗಿಯುವಷ್ಟರಲ್ಲಿ ಮೂರು ಕೈ ಮೇಲೆದ್ದು, ಒಬ್ಬರು ಉತ್ತರವನ್ನೂ ಹೇಳಿ ಆಗಿರುತ್ತದೆ. ಒಬ್ಬ ಹುಡುಗ ಒಂದೇ ಪೀರಿಯಡ್‌ನಲ್ಲಿ ಆರು ಸಲ ಹೀಗೆ ತಡವಾಗಿ ಕೈ ಎತ್ತಿದ್ದನ್ನು ನಾನು ಎಣಿಸಿದ್ದೇನೆ. ಆರಕ್ಕೂ ಅವನಿಗೆ ಉತ್ತರ ಗೊತ್ತಿತ್ತು. ಏಳನೇ ಪ್ರಶ್ನೆಗೆ ಅವನು ಕೈ ಎತ್ತಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಕೂತ. ಆ ತರಗತಿಯ ವರದಿಯಲ್ಲಿ ಅವನ ಬಗ್ಗೆ "ಚಟುವಟಿಕೆಯಲ್ಲಿ ಭಾಗವಹಿಸುವುದಿಲ್ಲ" ಅಂತ ಬರೆದಿತ್ತು. ನನಗೆ ಇವತ್ತಿಗೂ ಅದು ನೋವಿನ ವಿಷಯ. ಯಾಕೆಂದರೆ ಅದನ್ನು ತಪ್ಪಿಸಲು ಬೇಕಿದ್ದದ್ದು ಒಂದು ಮಾತು.

ಆ ಮಾತು ಇದು: "ಪ್ರಶ್ನೆ ಕೇಳಿದ ಮೇಲೆ ನನ್ನ ಕೈ ನಿಲ್ಲುವವರೆಗೆ ನೋಡಿ, ಆಮೇಲೆ ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಯಾರನ್ನಾದರೂ ಆರಿಸಿ." ಇದರಿಂದ ಕೇಳಿಸುವ ಮಕ್ಕಳಿಗೂ ಯೋಚಿಸಲು ಸಮಯ ಸಿಗುತ್ತದೆ. ಹಾಗಾಗಿ ಶಿಕ್ಷಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಗುಂಪು ಚರ್ಚೆಗೂ ಇದೇ ಥರ: ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕು, ಮಾತಾಡುವವರು ಮೊದಲು ಕೈ ಎತ್ತಬೇಕು. ಯಾರು ಮಾತಾಡುತ್ತಿದ್ದಾರೆ ಅಂತ ಬೊಟ್ಟು ಮಾಡಿ ತೋರಿಸಲು ನಿಮಗೂ ಒಂದು ಕ್ಷಣ ಸಿಗುತ್ತದೆ.

ಪದಗಳ ಮನೆಕೆಲಸ

ಪದಪಟ್ಟಿ ಬೇಡ ಅಂತ ನಾನು ಹೇಳುತ್ತಿಲ್ಲ. ಬರೀ ಪಟ್ಟಿ ಸಾಲದು.

ಕನ್ನಡದಲ್ಲಿ ನಡೆಯುವ ಪಾಠಕ್ಕೆ ತಯಾರಾಗುವಾಗ "ಘನ" ಅನ್ನುವ ಒಂದು ಪದ ತೆಗೆದುಕೊಳ್ಳಿ. ವಿಜ್ಞಾನದಲ್ಲಿ ಅದು ದ್ರವ, ಅನಿಲದ ಜೊತೆಗಿನ ಘನ. ಗಣಿತದಲ್ಲಿ 5ರ ಘನ 125. ರೇಖಾಗಣಿತಕ್ಕೆ ಬಂದರೆ ಆರು ಮುಖದ ಆಕೃತಿ. ಭಾಷಣದಲ್ಲಿ ಘನ ವ್ಯಕ್ತಿತ್ವ. ನಾಲ್ಕಕ್ಕೂ ಒಂದೇ ಸನ್ನೆ ಹಾಕಿದರೆ ಮಗುವಿನ ತಲೆಯಲ್ಲಿ 125 ಒಂದು ಗಟ್ಟಿ ವಸ್ತುವಾಗಿ ಕೂರುತ್ತದೆ. "ವರ್ಗ" ಇನ್ನೂ ಕಷ್ಟ: ತರಗತಿಯೂ ವರ್ಗ, 25 ಅನ್ನುವುದು 5ರ ವರ್ಗ. "ಬಲ" ಅಂದರೆ ನೂಕುವ ಶಕ್ತಿಯೋ ಬಲಗಡೆಯೋ? "ಪದ" ಅಂದರೆ ವ್ಯಾಕರಣದ ಪದವೋ ಬೀಜಗಣಿತದ ಪದವೋ? "ಮೂಲ" ಅಂದಾಗ ವರ್ಗಮೂಲವೋ, ನದಿಯ ಮೂಲವೋ?

ಇಂಥ ಪದ ಸಿಕ್ಕಾಗಲೆಲ್ಲ ಅದರ ಮುಂದೆ ಈ ಪಾಠದ ಅರ್ಥ ಒಂದನ್ನೇ ಬರೆದು, ಆ ಅರ್ಥಕ್ಕೆ ಸನ್ನೆ ಹುಡುಕಿ. ಮೊದಲು ಕೇಳಬೇಕಾದ್ದು ಕಿವುಡ ದೊಡ್ಡವರನ್ನು, ಅದರಲ್ಲೂ ಆ ವಿಷಯ ಓದಿದ ಕಿವುಡ ಶಿಕ್ಷಕರನ್ನು. ನಿಮ್ಮ ಸನ್ನೆ ಭಾಷೆಯ ವಿಡಿಯೊ ನಿಘಂಟು ಇದ್ದರೆ ಅದನ್ನೂ ನೋಡಿ. ಎಲ್ಲೂ ಸಿಗಲಿಲ್ಲ ಅಂದರೆ ಪದವನ್ನು ಬೆರಳಲ್ಲಿ ಅಕ್ಷರ ಅಕ್ಷರವಾಗಿ ಬಿಡಿಸಿ, ಅಥವಾ ಚೀಟಿಯಲ್ಲಿ ಬರೆದು ತೋರಿಸಿ, ಅರ್ಥ ವಿವರಿಸಿ, ಇವತ್ತಿನ ಮಟ್ಟಿಗೆ ಒಂದು ಸನ್ನೆಯನ್ನು ವಿದ್ಯಾರ್ಥಿಯ ಜೊತೆ ಸೇರಿ ಗೊತ್ತು ಮಾಡಿಕೊಳ್ಳಿ. ಅದು ತಾತ್ಕಾಲಿಕ ಅಂತ ಇಬ್ಬರಿಗೂ ಗೊತ್ತಿರಲಿ. ಸಮುದಾಯದಲ್ಲಿ ಬಳಕೆಯಲ್ಲಿರುವ ಸನ್ನೆ ಸಿಕ್ಕ ದಿನ ನಿಮ್ಮದನ್ನು ಬಿಟ್ಟುಬಿಡಿ. ಭಾಷೆ ಅವರದು.

ಪದ ಆದ ಮೇಲೆ ಚಿತ್ರ. ರಕ್ತ ಪರಿಚಲನೆಯ ಪಾಠವಿದ್ದರೆ ಹಿಂದಿನ ರಾತ್ರಿ ಹೃದಯದ ಚಿತ್ರವನ್ನು ನೀವೇ ಬಿಡಿಸಿ. ರಕ್ತ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಬೆರಳಿಟ್ಟು ಹೇಳಲು ಬರಬೇಕು. ನಿಮಗೆ ಅರ್ಥವಾಗದ್ದನ್ನು ನೀವು ಸನ್ನೆ ಮಾಡಲಾರಿರಿ. ಎಡ-ಬಲದ ಬಗ್ಗೆಯೂ ಎಚ್ಚರ ಬೇಕು. ಪುಸ್ತಕದ ಚಿತ್ರದಲ್ಲಿ ಹೃದಯದ ಬಲಭಾಗ ಓದುವವರ ಎಡಕ್ಕಿರುತ್ತದೆ. ನೀವು ಎದುರು ನಿಂತಾಗ ನಿಮ್ಮ ಎದೆಯ ಬಲಭಾಗವೂ ಅವಳ ಎಡಕ್ಕೇ ಬರುತ್ತದೆ, ಹಾಗಾಗಿ ಇಲ್ಲಿ ತೊಂದರೆ ಇಲ್ಲ. ಭೂಪಟದಲ್ಲಿ ಹಾಗಲ್ಲ. ಪೂರ್ವ ಅವಳ ಬಲಕ್ಕಿದೆ, ನಿಮ್ಮ ಎಡಕ್ಕಿದೆ. ನಿಮ್ಮ ಬಲಗೈ ಚಾಚಿ "ಪೂರ್ವ" ಅಂದರೆ ಅವಳಿಗೆ ಕಾಣುವುದು ಪಶ್ಚಿಮ. ಕೆಲವು ವಿದ್ಯಾರ್ಥಿಗಳು ಇದನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳುತ್ತಾರೆ, ಕೆಲವರಿಗೆ ಗೊಂದಲವಾಗುತ್ತದೆ. ಕೇಳಿ ತಿಳಿದುಕೊಳ್ಳಿ. ಬೋರ್ಡಿನ ಮೇಲೆ ಚಿತ್ರ ಇದ್ದರೆ ಅದನ್ನೇ ಮುಟ್ಟಿ ತೋರಿಸುವುದು ಎಲ್ಲಕ್ಕಿಂತ ಸುಲಭ.

ಪರೀಕ್ಷೆಯ ದಿನಕ್ಕೆ ಬೇರೆ ತಯಾರಿ

"ತ್ರಿಭುಜಕ್ಕೆ ಎಷ್ಟು ಬಾಹುಗಳು?" ಅಂತ ಪ್ರಶ್ನೆ ಇದೆ. ಹಲವು ಸನ್ನೆ ಭಾಷೆಗಳಲ್ಲಿ ತ್ರಿಭುಜದ ಸನ್ನೆ ಅಂದರೆ ಗಾಳಿಯಲ್ಲಿ ಮೂರು ಗೆರೆ ಎಳೆಯುವುದು. ಪ್ರಶ್ನೆ ಕೇಳುತ್ತಲೇ ಉತ್ತರ ಕೊಟ್ಟಂತಾಯಿತು. "ಹೃದಯ ದೇಹದ ಯಾವ ಭಾಗದಲ್ಲಿದೆ?" ಅನ್ನುವ ಪ್ರಶ್ನೆಗೂ ಇದೇ ಗತಿ, ಸನ್ನೆ ಎದೆಯ ಮೇಲೇ ಬೀಳುತ್ತದೆ. ಅದಕ್ಕೇ ಪ್ರಶ್ನೆಪತ್ರಿಕೆಯನ್ನು ಶಿಕ್ಷಕರ ಎದುರು ಮೊದಲೇ ಓದಿ, ಪ್ರತಿ ಪ್ರಶ್ನೆ ಏನನ್ನು ಪರೀಕ್ಷಿಸುತ್ತಿದೆ ಅಂತ ಕೇಳಿಕೊಳ್ಳಬೇಕು. ಅಂಥ ಕಡೆ ಪದವನ್ನು ಅಕ್ಷರ ಬಿಡಿಸಿ ತೋರಿಸಿ, ಅಥವಾ ಕಾಗದದ ಮೇಲಿನ ಪದವನ್ನೇ ತೋರಿಸಿ. ಓದುವ ಸಾಮರ್ಥ್ಯವನ್ನೇ ನೋಡುವ ಪರೀಕ್ಷೆಯಲ್ಲಿ ಯಾವ ಭಾಗವನ್ನು ನೀವು ಸನ್ನೆಗೆ ತರಬಹುದು ಅನ್ನುವುದು ಮೊದಲೇ ತೀರ್ಮಾನವಾಗಿರಬೇಕು. ಪರೀಕ್ಷಾ ಕೊಠಡಿಯಲ್ಲಿ ಆ ಚರ್ಚೆ ಬೇಡ. ಪ್ರಶ್ನೆಪತ್ರಿಕೆಯ ಗುಟ್ಟು ನಿಮ್ಮಲ್ಲೇ ಉಳಿಯಬೇಕು ಅಂತ ಹೇಳಬೇಕಾಗಿಲ್ಲ.

ಕೊಠಡಿ, ಬೆಳಕು, ಬಟ್ಟೆ

ಮಕ್ಕಳು ಬರುವ ಹತ್ತು ನಿಮಿಷ ಮೊದಲೇ ಹೋಗಿ. ವಿದ್ಯಾರ್ಥಿ ಕೂರುವ ಜಾಗದಲ್ಲಿ ನೀವೇ ಒಮ್ಮೆ ಕೂತು ನೋಡಿ. ಶಿಕ್ಷಕರು, ಬೋರ್ಡು, ದುಭಾಷಿ, ಮೂರೂ ಕತ್ತು ತಿರುಗಿಸದೆ ಕಣ್ಣಿಗೆ ಸಿಗುತ್ತವೆಯೇ? ನೀವು ನಿಲ್ಲುವ ಜಾಗದ ಹಿಂದೆ ಕಿಟಕಿ ಇದ್ದರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ಜಾಗ ಬದಲಾಯಿಸಿ. ಬಟ್ಟೆ ನಿಮ್ಮ ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣದ್ದಾಗಿರಲಿ, ಗೆರೆ, ಚುಕ್ಕಿ, ಹೊಳೆಯುವ ಒಡವೆ ಬೇಡ. ಕೂದಲು ಹುಬ್ಬಿನ ಮೇಲೆ ಬೀಳದಿರಲಿ.

ವಿಡಿಯೊ ಮತ್ತು ಪ್ರಯೋಗ

ವಿಡಿಯೊ ಇದ್ದರೆ ಮೊದಲ ಪ್ರಶ್ನೆ: ಅಡಿಯಲ್ಲಿ ಮಾತು ಬರಹವಾಗಿ ಬರುತ್ತದೆಯೇ? ಬರುತ್ತಿದ್ದರೆ ಮಗು ಅದನ್ನು ಓದಲು ಇಷ್ಟಪಡುತ್ತದೋ, ನಿಮ್ಮನ್ನೇ ನೋಡುತ್ತದೋ ಅಂತ ಕೇಳಿ. ಬರದಿದ್ದರೆ ಮನೆಯಲ್ಲಿ ಎರಡು ಸಲವಾದರೂ ನೋಡಿಕೊಂಡು ಬನ್ನಿ. ಎಲ್ಲಿ ನಿಲ್ಲಿಸಬೇಕು ಅಂತ ಶಿಕ್ಷಕರಿಗೆ ಸಮಯ ಬರೆದುಕೊಡಿ. ದೀಪ ಪೂರ್ತಿ ಆರಿಸಬೇಡಿ ಅಂತಲೂ ಹೇಳಿ. ಕತ್ತಲಲ್ಲಿ ಸನ್ನೆ ಕಾಣುವುದಿಲ್ಲ ಅನ್ನುವುದು ಉತ್ಸಾಹದಲ್ಲಿ ಎಲ್ಲರಿಗೂ ಮರೆತುಹೋಗುತ್ತದೆ.

ಪ್ರಯೋಗಶಾಲೆಯಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಆಮ್ಲಕ್ಕೆ ಫಿನಾಲ್ಫ್ಥಲೀನ್ ಅನ್ನುವ ಬಣ್ಣ ಬದಲಿಸುವ ಸೂಚಕ ಹಾಕಿ, ಮೇಲಿನಿಂದ ಪ್ರತ್ಯಾಮ್ಲವನ್ನು ಹನಿ ಹನಿಯಾಗಿ ಬಿಡುತ್ತಿದ್ದಾರೆ. "ಈಗ ನೋಡಿ, ಒಂದೇ ಹನಿಗೆ ಗುಲಾಬಿ ಬಣ್ಣ ಬರುತ್ತೆ" ಅಂತ ಶಿಕ್ಷಕರು ಹೇಳುತ್ತಾರೆ. ಆ ಮಾತನ್ನು ನೀವು ಸನ್ನೆಗೆ ತರುತ್ತಿರುವಾಗಲೇ ಬಣ್ಣ ಬಂದುಬಿಟ್ಟಿರುತ್ತದೆ. ಉಳಿದವರೆಲ್ಲ "ಓ!" ಅಂದಾಗ ಅವಳು ನಿಮ್ಮ ಕೈ ನೋಡುತ್ತಿದ್ದಳು. ಮೊದಲೇ ಮಾತಾಡಿಕೊಳ್ಳಿ: ಮೊದಲು ಹೇಳುವುದು, ಆಮೇಲೆ ಮಾಡುವುದು, ಎರಡೂ ಒಟ್ಟಿಗೆ ಬೇಡ. ಅಕಸ್ಮಾತ್ ಒಟ್ಟಿಗೆ ಬಂದರೆ ನೀವು ಕೈ ನಿಲ್ಲಿಸಿ, ಪ್ರಯೋಗದ ಕಡೆ ಬೊಟ್ಟು ಮಾಡಿ. ಮಾತನ್ನು ಬಣ್ಣ ಬಂದ ಮೇಲೆ ಹೇಳಬಹುದು.

ಬರೆದುಕೊಳ್ಳುವ ಕಷ್ಟವೂ ಇದೇ. ನಿಮ್ಮನ್ನು ನೋಡುತ್ತಾ ನೋಟ್ಸ್ ಬರೆಯಲಾಗುವುದಿಲ್ಲ. ಸಹಪಾಠಿಯೊಬ್ಬರ ನೋಟ್ಸ್ ಸಿಗುವಂತೆ ಅಥವಾ ಶಿಕ್ಷಕರ ಟಿಪ್ಪಣಿಯ ಪ್ರತಿ ಸಿಗುವಂತೆ ವರ್ಷದ ಶುರುವಿನಲ್ಲೇ ಏರ್ಪಾಡು ಮಾಡಿಸಿ.

ಅವಳ ಮಾತಿಗೆ ನಿಮ್ಮ ದನಿ

ತಯಾರಿ ಅಂದಾಗ ಎಲ್ಲರೂ ಮಾತಿನಿಂದ ಸನ್ನೆಗೆ ಅಂತಲೇ ಯೋಚಿಸುತ್ತಾರೆ. ಸನ್ನೆಯಿಂದ ಮಾತಿಗೆ ತರುವುದು ಹೆಚ್ಚಿನವರಿಗೆ ಅದಕ್ಕಿಂತ ಕಷ್ಟ. ನೀವು ತಡವರಿಸಿದರೆ ತರಗತಿಗೆ ಕೇಳಿಸುವುದು ವಿದ್ಯಾರ್ಥಿ ತಡವರಿಸಿದ ಹಾಗೆ. ಅವಳು ಭಾಷಣ ಮಾಡುವುದಿದ್ದರೆ, ಪ್ರಾಜೆಕ್ಟ್ ಒಪ್ಪಿಸುವುದಿದ್ದರೆ ಹಿಂದಿನ ದಿನ ಅವಳ ಜೊತೆ ಒಮ್ಮೆ ಪೂರ್ತಿ ಮಾಡಿ ನೋಡಿ. ಅವಳು ಹೇಳಿದ ಉತ್ತರ ತಪ್ಪಿದ್ದರೆ ತಪ್ಪನ್ನೇ ಹೇಳಿ, ತಿದ್ದಿ ಹೇಳಬೇಡಿ. ಆದರೆ ತಪ್ಪಾಗಿದ್ದು ನಿಮ್ಮಿಂದಾದರೆ ತಕ್ಷಣ ಗಟ್ಟಿಯಾಗಿ ಹೇಳಿಬಿಡಿ: "ಅದು ನನ್ನ ತಪ್ಪು, ಅವಳು ಹೇಳಿದ್ದು ಹೀಗೆ."

ಕೈ, ಭುಜ, ಜೊತೆಗಾರರು

ದುಭಾಷಿಗಳಿಗೆ ಮಣಿಕಟ್ಟು, ಮೊಣಕೈ, ಭುಜದ ನೋವು ತುಂಬಾ ಸಾಮಾನ್ಯ. ಶುರು ಮಾಡುವ ಮೊದಲು ಐದು ನಿಮಿಷ ಬೆರಳು, ಮಣಿಕಟ್ಟು, ಭುಜ ಸಡಿಲ ಮಾಡಿಕೊಳ್ಳಿ. ತಲೆಯೂ ದಣಿಯುತ್ತದೆ, ದಣಿದಾಗ ತಪ್ಪು ಹೆಚ್ಚುತ್ತದೆ, ಎಷ್ಟೋ ಸಲ ಅದು ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ದೀರ್ಘ ಪಾಠಗಳಿಗೆ ಇಬ್ಬರು ದುಭಾಷಿಗಳಿದ್ದು 20-30 ನಿಮಿಷಕ್ಕೊಮ್ಮೆ ಬದಲಾಗುವುದು ರೂಢಿ. ವಿರಾಮದಲ್ಲಿರುವವರು ಫೋನ್ ನೋಡುತ್ತಾ ಕೂರುವಂತಿಲ್ಲ. ಜೊತೆಗಾರರಿಗೆ ಕೇಳಿಸದೆ ಹೋದ ಹೆಸರು, ಸಂಖ್ಯೆಗಳನ್ನು ದಾಟಿಸುತ್ತಿರಬೇಕು. ಒಬ್ಬರೇ ಇದ್ದರೆ, ಮಕ್ಕಳು ತಾವೇ ಬರೆಯುವ, ಓದುವ ಹೊತ್ತನ್ನು ಪಾಠದ ನಡುನಡುವೆ ಹಾಕಲು ಶಿಕ್ಷಕರನ್ನು ಕೇಳಿ.

ಗಂಟೆ ಹೊಡೆದ ಮೇಲೆ

ತರಗತಿ ಮುಗಿದ ತಕ್ಷಣ ಹತ್ತು ನಿಮಿಷ ಕೂತು ಬರೆಯಿರಿ. ಇವತ್ತು ಯಾವ ಪದಕ್ಕೆ ಸನ್ನೆ ಸಿಗಲಿಲ್ಲ? ಎಲ್ಲಿ ಅವಳ ಕಣ್ಣು ಎರಡು ಕಡೆ ಹರಿದುಹೋಯಿತು? ಎಲ್ಲಿ ನಾನು ಹಿಂದೆ ಬಿದ್ದೆ? ಹೊಸ ಸನ್ನೆಗಳನ್ನು ಫೋನಿನಲ್ಲಿ ನೀವೇ ಮಾಡಿ ರೆಕಾರ್ಡ್ ಮಾಡಿಕೊಳ್ಳಿ, ಬರೆದಿಟ್ಟ ಸನ್ನೆ ವಾರದಲ್ಲಿ ಮರೆಯುತ್ತದೆ. ವಿದ್ಯಾರ್ಥಿಯ ಅಂಕ, ಮನೆಯ ಸಂಗತಿ, ಬೈಸಿಕೊಂಡದ್ದು ಈ ಟಿಪ್ಪಣಿಯಲ್ಲಿ ಬರಬಾರದು. ಅವು ಯಾರ ಹತ್ತಿರವೂ ಹೋಗಬಾರದು.

ಆ ಗಣಿತದ ಮೇಷ್ಟ್ರ ಹತ್ತಿರ ನಾನು ಮಾರನೇ ದಿನ ಹೋದೆ. ಸಮೀಕರಣದ ಪದಗಳಿಗೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣ ಬಳಸಲು ಆಗುತ್ತದೆಯೇ, "ಇದು" ಅನ್ನುವ ಬದಲು "ಕೆಂಪು ಮೂರು" ಅನ್ನಬಹುದೇ ಅಂತ ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ, ಮೇಜಿನ ಡ್ರಾಯರ್ ಎಳೆದು ಸೀಮೆಸುಣ್ಣದ ಡಬ್ಬಿ ತೆಗೆದರು. ಆವತ್ತಿನ ಪಾಠದಲ್ಲಿ ಆ ಹುಡುಗಿ ಮೂರು ಸಲ ನನ್ನನ್ನು ನಿಲ್ಲಿಸಿ ಪ್ರಶ್ನೆ ಕೇಳಿದಳು.